ಡಲ್ಲಾಸ್‌ನಲ್ಲಿ ಶಾಲೆ ಹುಡುಕುವವರು ಊರು ಬಿಟ್ಟು ವಿಳಾಸ ನೋಡಬೇಕು

ಬೆಂಗಳೂರಿನಿಂದ ಜೂನ್‌ನಲ್ಲಿ ಬರುತ್ತಿದ್ದೇವೆ, ಆಫೀಸು ಇರ್ವಿಂಗ್‌ನಲ್ಲಿ, ಮಗಳು ಏಳನೇ ಕ್ಲಾಸಿಗೆ ಸೇರಬೇಕು, ಮಗನಿಗೆ ಆಗಸ್ಟ್‌ನಲ್ಲಿ ಐದು ತುಂಬುತ್ತದೆ, ಯಾವ ಊರಲ್ಲಿ ಸರ್ಕಾರಿ ಶಾಲೆ ಚೆನ್ನಾಗಿದೆ ಎಂದು ಕೇಳಿದ್ದೀರಿ. ಊರು ಹುಡುಕುವುದನ್ನು ಬಿಟ್ಟು ಮನೆಯ ವಿಳಾಸ ಹಿಡಿದು ಹುಡುಕಿ. ಟೆಕ್ಸಸ್‌ನಲ್ಲಿ ಊರಿನ ಗಡಿ ಬೇರೆ, ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಐಎಸ್‌ಡಿಯ ಗಡಿ ಬೇರೆ.

ನಮ್ಮವರು ತುಂಬ ಇರುವ ವ್ಯಾಲಿ ರ್‍ಯಾಂಚ್ ತೆಗೆದುಕೊಳ್ಳಿ. ಊರು ಇರ್ವಿಂಗ್, ಜಿಪ್ ಕೋಡ್ 75063. ಅಲ್ಲಿನ ಕೆಲವು ಬೀದಿಗಳು ಕೊಪೆಲ್ ಐಎಸ್‌ಡಿಗೆ ಸೇರುತ್ತವೆ, ಇನ್ನು ಕೆಲವು ಕ್ಯಾರಲ್ಟನ್–ಫಾರ್ಮರ್ಸ್ ಬ್ರಾಂಚ್ ಐಎಸ್‌ಡಿಗೆ. ಇರ್ವಿಂಗ್ ಐಎಸ್‌ಡಿ ಎಂಬುದು ಇನ್ನೂ ಬೇರೆ. ಫ್ರಿಸ್ಕೋ ಊರೊಳಗೇ ಫ್ರಿಸ್ಕೋ, ಲೂಯಿಸ್‌ವಿಲ್, ಪ್ರಾಸ್ಪರ್, ಲಿಟಲ್ ಎಲ್ಮ್ ಎಂದು ನಾಲ್ಕು ಡಿಸ್ಟ್ರಿಕ್ಟ್‌ಗಳಿವೆ. ಆದ್ದರಿಂದ ಲೀಸಿಂಗ್ ಆಫೀಸಿನವರ ಬಾಯಿಮಾತು ನಂಬಿ ಸಹಿ ಹಾಕಬೇಡಿ. ಡಿಸ್ಟ್ರಿಕ್ಟಿನ ಜಾಲತಾಣದಲ್ಲಿರುವ ಸ್ಕೂಲ್ ಲೊಕೇಟರ್‌ಗೆ ಮನೆ ನಂಬರ್ ಸಮೇತ ವಿಳಾಸ ಹಾಕಿ, ಎಲಿಮೆಂಟರಿ, ಮಿಡಲ್, ಹೈಸ್ಕೂಲ್ ಮೂರರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಮನೆ ಕೊಳ್ಳುವಾಗ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟಿನ, ಅಂದರೆ ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಕಚೇರಿಯ ದಾಖಲೆಯನ್ನೂ ತೆರೆದು ನೋಡಿ. ಆ ಮನೆ ಯಾವ ಐಎಸ್‌ಡಿಗೆ ತೆರಿಗೆ ಕಟ್ಟುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಇರುತ್ತದೆ.

ಆಮೇಲೆ ಶಾಲೆಯ ರಿಜಿಸ್ಟ್ರಾರ್‌ಗೆ ಫೋನ್ ಮಾಡಿ, ಮಗನ ಗ್ರೇಡ್‌ನಲ್ಲಿ ಜಾಗ ಇದೆಯೇ ಎಂದು ಕೇಳಿ. ಕಿಂಡರ್‌ಗಾರ್ಟನ್‌ನಿಂದ ನಾಲ್ಕನೇ ಗ್ರೇಡ್‌ವರೆಗೆ ತರಗತಿಗೆ 22 ಮಕ್ಕಳು ಎಂಬುದು ರಾಜ್ಯದ ಕಾನೂನು. ಭರ್ತಿಯಾದ ಮೇಲೆ ಬಂದ ಮಗುವನ್ನು ಮನೆ ಹತ್ತಿರದ ಶಾಲೆ ಬಿಡಿಸಿ ಅದೇ ಡಿಸ್ಟ್ರಿಕ್ಟಿನ ಬೇರೆ ಶಾಲೆಗೆ ಕಳಿಸುವುದುಂಟು. ಇಲ್ಲಿ ಶಾಲೆ ಆಗಸ್ಟ್ ಎರಡನೇ ವಾರದ ಸುಮಾರಿಗೆ ಶುರುವಾಗುವುದರಿಂದ, ಜೂನ್‌ನಲ್ಲಿ ಬಂದವರು ಜೂನ್‌ನಲ್ಲೇ ಹೆಸರು ಬರೆಸುವುದು ಒಳ್ಳೆಯದು. ಸೆಪ್ಟೆಂಬರ್ 1ರ ಒಳಗೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್; ನಿಮ್ಮ ಮಗ ಈ ವರ್ಷವೇ ಸೇರುತ್ತಾನೆ.

ಇನ್ನು ರೇಟಿಂಗ್. ಮನೆಯ ಜಾಹೀರಾತಿನಲ್ಲಿ ಕಾಣುವ ‘ಹತ್ತಕ್ಕೆ ಒಂಬತ್ತು’ ಬಹುಪಾಲು ಪರೀಕ್ಷೆಯ ಅಂಕದ ಮೇಲೆ ನಿಂತಿರುತ್ತದೆ. ಅಂಕಕ್ಕೂ ಅಪ್ಪ ಅಮ್ಮಂದಿರ ಆದಾಯಕ್ಕೂ ಹತ್ತಿರದ ನಂಟು. ರಾಜ್ಯದ ಸ್ಟಾರ್ ಪರೀಕ್ಷೆಯಲ್ಲಿ ‘ಅಪ್ರೋಚಸ್’ ಎಂಬ ಕೆಳಗಿನ ಮಟ್ಟ ಬಂದರೂ ಪಾಸು ಲೆಕ್ಕವೇ. ಹಾಗಾಗಿ ಪಾಸಾದವರ ಶೇಕಡಾವಾರು ಬಿಟ್ಟು ‘ಮೀಟ್ಸ್’, ‘ಮಾಸ್ಟರ್ಸ್’ ಎಂಬ ಮೇಲಿನ ಎರಡು ಮಟ್ಟಗಳನ್ನು ನೋಡಿ. ಪರೀಕ್ಷೆ ಮೂರನೇ ಗ್ರೇಡ್‌ನಿಂದ ಶುರುವಾಗುತ್ತದೆ. ಕಿಂಡರ್‌ಗಾರ್ಟನ್ ಟೀಚರ್ ಹೇಗೆ ಕಲಿಸುತ್ತಾರೆಂದು ಈ ಅಂಕಿಗಳು ನೇರವಾಗಿ ಹೇಳಲಾರವು. ರಾಜ್ಯ ಕೊಡುವ ಎ ಇಂದ ಎಫ್‌ವರೆಗಿನ ಗ್ರೇಡಿನ ಅಳತೆಗೋಲು 2023ರ ಸಾಲಿಗೆ ಬದಲಾಯಿತು, ವ್ಯಾಜ್ಯದಿಂದಾಗಿ ಆ ವರ್ಷದ ಫಲಿತಾಂಶ 2025ರಲ್ಲಿ ಹೊರಬಂತು. 2022ರಲ್ಲಿ ಎ ಇದ್ದ ಶಾಲೆಗೆ ಆಮೇಲೆ ಬಿ ಬಂದಿದ್ದರೆ ಅಷ್ಟಕ್ಕೇ ಶಾಲೆ ಕೆಟ್ಟಿತು ಎಂದುಕೊಳ್ಳಬೇಡಿ. ಅದಕ್ಕಿಂತ ಉಪಯೋಗದ್ದು ರಾಜ್ಯ ಹೊರಡಿಸುವ ಟ್ಯಾಪರ್ ಎಂಬ ವಾರ್ಷಿಕ ವರದಿ. ತರಗತಿಗೆ ಸರಾಸರಿ ಎಷ್ಟು ಮಕ್ಕಳು, ಶಿಕ್ಷಕರ ಅನುಭವ ಎಷ್ಟು ವರ್ಷ, ಡಿಸ್ಟ್ರಿಕ್ಟ್ ಬಿಟ್ಟು ಹೋದ ಶಿಕ್ಷಕರು ಎಷ್ಟು, ಎಲ್ಲ ಅದರಲ್ಲಿ ಸಿಗುತ್ತದೆ. ಶಾಲೆಯ ಒಟ್ಟು ಮಕ್ಕಳ ಸಂಖ್ಯೆ ಹಿಂದಿನ ಐದು ವರ್ಷಗಳಲ್ಲಿ ಹೇಗಿತ್ತು ಎಂದೂ ಹೋಲಿಸಿ ನೋಡಿ. ಇಳಿಯುತ್ತಿದ್ದರೆ ಶಾಲೆ ಮುಚ್ಚುವ ಭಯ. ಪ್ಲೇನೋ ಐಎಸ್‌ಡಿ ನಾಲ್ಕು ಶಾಲೆ ಮುಚ್ಚಲು 2024ರ ಜೂನ್‌ನಲ್ಲಿ ನಿರ್ಧರಿಸಿತು. ಭರದಿಂದ ಏರುತ್ತಿದ್ದರೆ ಗಡಿಯನ್ನೇ ಮತ್ತೆ ಗೀಚುತ್ತಾರೆ, ಶಾಲೆಯ ಹಿತ್ತಲಲ್ಲಿ ಪೋರ್ಟಬಲ್ ಕೊಠಡಿಗಳು ಏಳುತ್ತವೆ.

ನಿಮ್ಮ ಮಗಳ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗಣಿತ, ನಮ್ಮವರು ಹೆಚ್ಚಾಗಿ ಎಡವುವುದೂ ಅಲ್ಲೇ. ಹೊರದೇಶದಿಂದ ಬಂದ ಮಗುವನ್ನು ಕೇಳುವವರಿಲ್ಲದಿದ್ದರೆ ಸಾಮಾನ್ಯ ಗಣಿತಕ್ಕೆ ಹಾಕಿಬಿಡುವ ಸಂಭವ ಜಾಸ್ತಿ. ಎಂಟರಲ್ಲಿ ಆಲ್ಜಿಬ್ರಾ 1 ಮುಗಿದರೆ ಒಂಬತ್ತರಲ್ಲಿ ಜಿಯಾಮೆಟ್ರಿ, ಹತ್ತರಲ್ಲಿ ಆಲ್ಜಿಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್. ಒಂಬತ್ತರಲ್ಲಿ ಶುರುವಾದರೆ ಪ್ರಿಕ್ಯಾಲ್ಕುಲಸ್‌ಗೇ ಹೈಸ್ಕೂಲ್ ಮುಗಿದಿರುತ್ತದೆ. ಅದಕ್ಕೇ ಮಾರ್ಕ್ಸ್ ಕಾರ್ಡ್ ಜೊತೆಗೆ ಗಣಿತದ ಪಠ್ಯಪುಸ್ತಕದ ಪರಿವಿಡಿಯನ್ನೂ ತನ್ನಿ, ಕೌನ್ಸೆಲರ್‌ಗೆ ತೋರಿಸಿ, ಅಡ್ವಾನ್ಸ್‌ಡ್ ಗಣಿತಕ್ಕೆ ಪ್ಲೇಸ್‌ಮೆಂಟ್ ಕೇಳಿ. ಒಪ್ಪದಿದ್ದರೆ ಕ್ರೆಡಿಟ್ ಬೈ ಎಕ್ಸಾಮ್, ಅಂದರೆ ಪರೀಕ್ಷೆ ಬರೆದು ಒಂದು ಕೋರ್ಸ್ ದಾಟುವ ದಾರಿ ಇದೆ; ಆ ಕೋರ್ಸನ್ನು ತರಗತಿಯಲ್ಲಿ ಕಲಿಯದೆ ಮುಂದಕ್ಕೆ ಹಾರಲು 80 ಅಂಕ ಬೇಕು. ಪರೀಕ್ಷೆಯ ದಿನಗಳು ವರ್ಷಕ್ಕೆ ಕೆಲವೇ, ಮೊದಲೇ ವಿಚಾರಿಸಿ.

ಹೈಸ್ಕೂಲಿನ ಲೆಕ್ಕವೂ ಈಗಲೇ ತಿಳಿದಿರಲಿ. 2026ರ ಫಾಲ್‌ಗೆ, ಅಂದರೆ ಆ ವರ್ಷದ ಆಗಸ್ಟ್ ಸುಮಾರಿಗೆ ಶುರುವಾಗುವ ಸೆಮಿಸ್ಟರ್‌ಗೆ ಸೇರುವವರಿಂದ ಹಿಡಿದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ತಾನಾಗಿ ಪ್ರವೇಶ ಸಿಗುವುದು ತನ್ನ ಶಾಲೆಯಲ್ಲಿ ಮೊದಲ ಶೇಕಡಾ 5ರೊಳಗೆ ಇರುವವರಿಗೆ. ಬುದ್ಧಿವಂತ ಮಕ್ಕಳೇ ತುಂಬಿರುವ ಶಾಲೆಯಲ್ಲಿ ಆ ಜಾಗಕ್ಕೆ ಪೈಪೋಟಿ ಬಿರುಸು. ‘ಅತ್ಯುತ್ತಮ’ ಶಾಲೆ ಎಲ್ಲ ಮಕ್ಕಳಿಗೂ ಅನುಕೂಲ ಮಾಡಿಕೊಡುತ್ತದೆ ಎಂದೇನಿಲ್ಲ.

ದಾಖಲಾತಿಗೆ ಲೀಸ್ ಪತ್ರ, ನಿಮ್ಮ ಹೆಸರಿನ ಕರೆಂಟ್ ಬಿಲ್, ಜನನ ಪ್ರಮಾಣಪತ್ರ, ಲಸಿಕೆ ಪುಸ್ತಕ ಬೇಕು. ತೊಡಕು ಆಗುವುದು ಲಸಿಕೆಯಲ್ಲಿ. ನಮ್ಮ ಸರ್ಕಾರಿ ಪಟ್ಟಿಯ ಎಂಆರ್‌ನಲ್ಲಿ (ದಡಾರ, ರುಬೆಲ್ಲಾ ಲಸಿಕೆ) ಮಂಗನಬಾವು ಸೇರಿಲ್ಲ, ಇಲ್ಲಿ ಮೂರೂ ಸೇರಿದ ಎಂಎಂಆರ್ ಎರಡು ಡೋಸ್ ಕೇಳುತ್ತಾರೆ. ಸೀತಾಳೆ ಸಿಡುಬಿಗೆ ಎರಡು, ಹೆಪಟೈಟಿಸ್ ಎಗೆ ಎರಡು. ಮಗಳಿಗೆ ಏಳನೇ ಗ್ರೇಡ್‌ಗೆ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿಗೆ) ಮತ್ತು ಮೆನಿಂಜೊಕಾಕಲ್ (ಒಂದು ಬಗೆಯ ಮಿದುಳು ಪೊರೆಯ ಜ್ವರಕ್ಕೆ) ಲಸಿಕೆ. ಬೆಂಗಳೂರಿನಲ್ಲೇ ಹಾಕಿಸಿ, ವೈದ್ಯರಿಂದ ತಿಂಗಳ ಹೆಸರು ಅಕ್ಷರದಲ್ಲೇ ಬರೆಸಿಕೊಳ್ಳಿ. 05/08 ಎಂದಿದ್ದರೆ ಇಲ್ಲಿ ಮೇ 8 ಎಂದು ಓದುತ್ತಾರೆ.

ಅರ್ಜಿಯಲ್ಲಿ ಮನೆಮಾತು ಯಾವುದು ಎಂಬ ಪ್ರಶ್ನೆ ಬರುತ್ತದೆ. ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡಿಬಿಡುತ್ತಾರೆ ಎಂಬ ಅಂಜಿಕೆಯಿಂದ ಕೆಲವರು ಇಂಗ್ಲಿಷ್ ಎಂದು ಬರೆಯುತ್ತಾರೆ. ನೀವು ಕನ್ನಡ ಎಂದೇ ಬರೆಯಿರಿ. ಪರೀಕ್ಷೆ ನಾಲ್ಕು ವಾರದೊಳಗೆ ಮುಗಿಯುತ್ತದೆ, ಇಂಗ್ಲಿಷ್ ಸಾಕಷ್ಟು ಬಂದರೆ ಅಲ್ಲಿಗೆ ಬಿಡುತ್ತಾರೆ. ಬರದಿದ್ದರೆ ಇಎಸ್‌ಎಲ್ ಟೀಚರ್‌ನ, ಅಂದರೆ ಬೇರೆ ಮನೆಮಾತಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರ ನೆರವು ಉಚಿತವಾಗಿ ಸಿಗುತ್ತದೆ, ಅದೂ ನೀವು ಒಪ್ಪಿ ಸಹಿ ಹಾಕಿದ ಮೇಲೆ.