ಐ-751 ಶುಲ್ಕ ಮನ್ನಾ: ಮೊದಲು ಕಾರ್ಡಿನ ತಾರೀಖು ನೋಡಿ

ಅಮೆರಿಕದ ನಾಗರಿಕರನ್ನು ಮದುವೆಯಾಗಿ ಬಂದ ನಿಮ್ಮ ಎರಡು ವರ್ಷದ ಗ್ರೀನ್ ಕಾರ್ಡ್ ಇನ್ನೈದು ತಿಂಗಳಲ್ಲಿ ಮುಗಿಯುತ್ತದೆ, ಯಜಮಾನರ ಕೆಲಸ ಹೋಗಿದೆ, ಆ ಕಾರ್ಡಿನ ಷರತ್ತು ತೆಗೆಸಲು ಹಾಕುವ ಐ-751 ಅರ್ಜಿಯ ಶುಲ್ಕ 750 ಡಾಲರ್ ಹೊಂದಿಸಲು ಆಗುತ್ತಿಲ್ಲ, ಮನ್ನಾ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಕೇಳಬಹುದು. ಐ-912 ಫಾರ್ಮ್ ಇರುವುದೇ ಅದಕ್ಕೆ, ಅದಕ್ಕೆ ಶುಲ್ಕವೂ ಇಲ್ಲ. ಕಷ್ಟ ಬಂದಾಗ ಬಳಸಲೆಂದೇ ಕಾನೂನು ಇಟ್ಟಿರುವ ದಾರಿ ಇದು, ಸಂಕೋಚ ಬೇಡ.

ಆದರೆ ತಾರೀಖಿನ ವಿಷಯ ಮನಸ್ಸಿಗೆ ಹಾಕಿಕೊಳ್ಳಿ. ಇಬ್ಬರೂ ಸೇರಿ ಹಾಕುವ ಐ-751 ಅನ್ನು ಕಾರ್ಡ್ ಮುಗಿಯುವ ಮುಂಚಿನ 90 ದಿನಗಳೊಳಗೆ ಸಲ್ಲಿಸಬೇಕು. ಮನ್ನಾ ಒಪ್ಪದಿದ್ದರೆ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಐ-912 ಜೊತೆಗೆ ಐ-751 ಅನ್ನೂ ಇಡೀ ಕಟ್ಟಾಗಿ ವಾಪಸ್ ಕಳಿಸುತ್ತದೆ. ನೀವು ಮೊದಲು ಕಳಿಸಿದ ದಿನಕ್ಕೆ ಆಗ ಬೆಲೆಯಿಲ್ಲ, ಮೇಲ್ಮನವಿಯೂ ಇಲ್ಲ. ಕೊನೆಯ ವಾರದಲ್ಲಿ ಹಾಕಿದ ಅರ್ಜಿ ಹೀಗೆ ಹಿಂದಿರುಗಿದರೆ ಗಡುವು ದಾಟಿರುತ್ತದೆ. ಅದಕ್ಕೇ ಎಲ್ಲ ಕಾಗದಗಳನ್ನು ಈಗಲೇ ಜೋಡಿಸಿಟ್ಟು, 90 ದಿನ ಶುರುವಾದ ಮೊದಲ ವಾರದಲ್ಲೇ ಕಳಿಸಿ. ವಾಪಸ್ ಬಂದರೂ ಸರಿಪಡಿಸಲೋ, ಸಾಲ ಮಾಡಿ ಶುಲ್ಕ ಕಟ್ಟಲೋ ಕಾಲ ಉಳಿಯುತ್ತದೆ. ಹಾಗೆ ಕಟ್ಟಬೇಕಾಗಿ ಬಂದರೆ ಜಿ-1450 ಫಾರ್ಮ್ ತುಂಬಿ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಿಂದ ಕಟ್ಟಿ. 2025ರ ಅಕ್ಟೋಬರ್ 28ರ ನಂತರ ಚೆಕ್, ಮನಿ ಆರ್ಡರ್ ಸಾಮಾನ್ಯವಾಗಿ ನಡೆಯುವುದಿಲ್ಲ.

ಮನ್ನಾಕ್ಕೆ ಮೂರು ಆಧಾರಗಳಿವೆ, ಒಂದು ಗಟ್ಟಿಯಾಗಿದ್ದರೆ ಸಾಕು. ಎಲ್ಲಕ್ಕಿಂತ ಸುಲಭದ್ದು ಮೆಡಿಕೈಡ್, ಎಸ್‌ಎಸ್‌ಐ, ಸ್ನ್ಯಾಪ್ ಅಂದರೆ ಫುಡ್ ಸ್ಟ್ಯಾಂಪ್‌ನಂಥ ಆದಾಯ ನೋಡಿ ಕೊಡುವ ನೆರವು. ಹೊಸಬರಾದ ನಿಮಗೆ ಸಿಗದಿದ್ದರೂ, ಜೊತೆಯಲ್ಲೇ ಇರುವ ಯಜಮಾನರಿಗೆ ಸಿಗುತ್ತಿದ್ದರೆ ಆಯಿತು. ಜನ ಎಡವುವುದು ಪುರಾವೆಯಲ್ಲಿ: ಬರೀ ನೆರವಿನ ಕಾರ್ಡಿನ ಜೆರಾಕ್ಸ್ ಇಡುತ್ತಾರೆ. ಫಲಾನುಭವಿಯ ಹೆಸರು, ಕೊಡುವ ಇಲಾಖೆ, ಯಾವ ನೆರವು, ಈಗಲೂ ಸಿಗುತ್ತಿದೆಯೇ, ಈ ನಾಲ್ಕೂ ಕಾಣುವ ಪತ್ರ ಬೇಕು. ನಿರುದ್ಯೋಗ ಭತ್ಯೆ ಈ ಸಾಲಿಗೆ ಬರುವುದಿಲ್ಲ, ಅದು ಆದಾಯವೆಂದೇ ಲೆಕ್ಕ.

ಎರಡನೆಯದು ಆದಾಯ. ಕುಟುಂಬದ ವಾರ್ಷಿಕ ಆದಾಯ ಅಮೆರಿಕ ಸರ್ಕಾರದ ಬಡತನ ಮಾರ್ಗಸೂಚಿಯ ಶೇ. 150ರೊಳಗಿರಬೇಕು. 2025ರ ಲೆಕ್ಕದಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ಕಡೆ ಇಬ್ಬರಿಗೆ 31,725 ಡಾಲರ್, ನಾಲ್ವರಿಗೆ 48,225. ಪ್ರತಿವರ್ಷ ಬದಲಾಗುವುದರಿಂದ ಕಳಿಸುವ ಮುನ್ನ ಐ-912ಪಿ ಪಟ್ಟಿ ನೋಡಿ. ಹಳೆಯ ಟ್ಯಾಕ್ಸ್ ರಿಟರ್ನ್‌ನಲ್ಲಿ ಯಜಮಾನರ ಪೂರ್ತಿ ಸಂಬಳ ಕಾಣುತ್ತದಲ್ಲ, ಅದನ್ನಷ್ಟೇ ಇಟ್ಟರೆ ಅರ್ಜಿ ಬೀಳುತ್ತದೆ. ಕೆಲಸದಿಂದ ತೆಗೆದ ಪತ್ರ, ಕೊನೆಯ ಪೇ ಸ್ಟಬ್, ಭತ್ಯೆಯ ಪತ್ರ ಸೇರಿಸಿ, ಆದಾಯ ಯಾವಾಗ ಎಷ್ಟಕ್ಕೆ ಇಳಿಯಿತೆಂದು ತಾರೀಖಿನೊಂದಿಗೆ ಬರೆಯಿರಿ. ಊರಿನ ಮನೆ ಬಾಡಿಗೆ, ಅಪ್ಪ-ಅಮ್ಮ ಕಳಿಸುವ ಹಣ ಇದ್ದರೆ ಅದನ್ನೂ ತೋರಿಸಲೇಬೇಕು. ಕನ್ನಡದ ಕರಾರು ಪತ್ರವಾದರೆ ಪೂರ್ತಿ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ದೃಢೀಕರಣ ಲಗತ್ತಿಸಿ.

ಆದಾಯ ಮಿತಿ ಮೀರಿದೆ, ಆದರೆ ಆಸ್ಪತ್ರೆ ಬಿಲ್ಲು, ಮನೆ ಖಾಲಿ ಮಾಡುವ ನೋಟಿಸ್ ಇದೆ ಎಂದರೆ ಮೂರನೆಯದು, ಆರ್ಥಿಕ ಸಂಕಷ್ಟ. ಇಲ್ಲಿ ಬಿಲ್ಲು, ಬಾಡಿಗೆ, ಸಾಲ, ಬ್ಯಾಂಕಿನಲ್ಲಿರುವ ಹಣ ಎಲ್ಲಕ್ಕೂ ಕಾಗದ ಬೇಕು. ಬರೀ ಕಷ್ಟ ತೋಡಿಕೊಂಡ ಪತ್ರ ನಿಲ್ಲುವುದಿಲ್ಲ.

ಐ-912 ಮತ್ತು ಐ-751 ಒಂದೇ ಲಕೋಟೆಯಲ್ಲಿ ಹೋಗಬೇಕು, ಅದರೊಳಗೆ ಹಣ ಇಡಬಾರದು. ಶುಲ್ಕ ಕಟ್ಟಿ ಆಮೇಲೆ ಮನ್ನಾ ಕೇಳಲು ಬರುವುದಿಲ್ಲ. ಸಹಿ ಮರೆತರೂ ವಾಪಸ್.

ಗೆಳತಿಯ ಎಚ್-4 (ಎಚ್-1ಬಿ ನೌಕರರ ಸಂಗಾತಿಯ ವೀಸಾ) ವಿಸ್ತರಣೆಗೂ ಆಗುತ್ತದೆಯೇ ಎಂದಿರಿ. ಇಲ್ಲ, ಅದಕ್ಕೆ ಮನ್ನಾ ಇಲ್ಲ. ನೀವು ಮುಂದೆ ಪೌರತ್ವಕ್ಕೆ ಎನ್-400 ಹಾಕುವಾಗ ಮಾತ್ರ ಇನ್ನೊಂದು ಅನುಕೂಲವಿದೆ: ಆದಾಯ ಮಾರ್ಗಸೂಚಿಯ ಶೇ. 400ರೊಳಗಿದ್ದರೆ 760ರ ಬದಲು 380 ಡಾಲರ್. ಅದಕ್ಕೆ ಐ-912 ಬೇಡ, ಎನ್-400 ಫಾರ್ಮಿನಲ್ಲೇ ಕೇಳಬೇಕು.