ಓದುಗರ ಪ್ರಶ್ನೆ: ಊರು ಬಿಸಿಯಾಗಿದೆ, ಶುಷ್ಕತೆ ಇಳಿದಿದ್ದು ಹೇಗೆ?

ಪ್ರಶ್ನೆ: ಪುಣೆಯ ಒಂದು ಹವಾಮಾನ ಕೇಂದ್ರದ 40 ವರ್ಷಗಳ ಮಳೆ, ಗರಿಷ್ಠ, ಕನಿಷ್ಠ ಉಷ್ಣಾಂಶ ಹಿಡಿದು ಹಾರ್‌ಗ್ರೀವ್ಸ್ ಸೂತ್ರದಿಂದ ಶುಷ್ಕತಾ ಸೂಚ್ಯಂಕ ತೆಗೆದೆ. ಮಳೆ ಹೆಚ್ಚುಕಮ್ಮಿ ಹಾಗೇ ಇದೆ, ಉಷ್ಣಾಂಶ ಏರಿದೆ. ಆದರೂ ಲೆಕ್ಕದಲ್ಲಿ ಶುಷ್ಕತೆ ಕಡಿಮೆಯಾಗಿದೆ. ಎಲ್ಲಿ ತಪ್ಪಿದೆ?
(ಓದುಗರು, ಕೋಥ್ರೂಡ್, ಪುಣೆ)

ಉತ್ತರ: ನಿಮ್ಮ ಕೂಡು-ಕಳೆ ಸರಿಯೇ ಇರಬಹುದು. ಅನುಮಾನ ಇರುವುದು ಸೂತ್ರದ ಮೇಲೆ.

ಮಳೆಯನ್ನು ಗಾಳಿ-ಬಿಸಿಲು ಹೀರಬಲ್ಲ ನೀರಿನಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ಅದು ಏರಿದರೆ ಶುಷ್ಕತೆ ಇಳಿದಂತೆ. ಆ ಹೀರಿಕೆಯನ್ನು ಹಾರ್‌ಗ್ರೀವ್ಸ್ ಹೀಗೆ ಅಂದಾಜಿಸುತ್ತದೆ: 0.0023 × ವಾಯುಮಂಡಲದ ಮೇಲೆ ಬೀಳುವ ಬಿಸಿಲು × (ಸರಾಸರಿ ಉಷ್ಣಾಂಶ + 17.8) × ಗರಿಷ್ಠ-ಕನಿಷ್ಠಗಳ ಅಂತರದ ವರ್ಗಮೂಲ. ಪುಣೆಯ ಅಕ್ಷಾಂಶದಲ್ಲಿ ಮೇ ತಿಂಗಳ ಬಿಸಿಲು ದಿನಕ್ಕೆ ಸುಮಾರು 16 ಮಿ.ಮೀ. ನೀರು ಆವಿ ಮಾಡುವಷ್ಟು. ಗರಿಷ್ಠ 37, ಕನಿಷ್ಠ 23 ಡಿಗ್ರಿ ಹಾಕಿ ನೋಡಿ: ದಿನಕ್ಕೆ 6.6 ಮಿ.ಮೀ. ಗರಿಷ್ಠ ಹಾಗೇ ಇಟ್ಟು ಕನಿಷ್ಠವನ್ನು 25ಕ್ಕೆ ಏರಿಸಿದರೆ 6.2. ಹವೆ ಬಿಸಿಯಾಯಿತು, ಹೀರಿಕೆ ತಗ್ಗಿತು!

ಅಂತರ ಕಿರಿದಾದರೆ ಮೋಡ ಕವಿದಿದೆ ಎಂದು ಸೂತ್ರ ತಿಳಿಯುತ್ತದೆ. ಹಳ್ಳಿಯ ಬಯಲಿನಲ್ಲಿ ಅದು ಬಹುಪಾಲು ನಿಜ. ನಗರದಲ್ಲಿ ಕಾಂಕ್ರೀಟು, ಡಾಂಬರು ಹಗಲಿನ ಕಾವನ್ನು ರಾತ್ರಿ ಬಿಡುವುದರಿಂದ ಕನಿಷ್ಠ ಏರುತ್ತದೆ. ಮೋಡಕ್ಕೂ ಅದಕ್ಕೂ ಸಂಬಂಧವಿಲ್ಲ. ಪುಣೆಯ ಮಟ್ಟಿಗೆ ಇದು ಸಣ್ಣ ದೋಷವಲ್ಲ. ಮಳೆ 750, ಹೀರಿಕೆ 1,500 ಮಿ.ಮೀ. ಎಂದುಕೊಂಡರೆ ಸೂಚ್ಯಂಕ 0.50, ಅರೆಶುಷ್ಕ ವರ್ಗದ ಮೇಲಂಚು ಅದೇ. ಹೀರಿಕೆ 1,420ಕ್ಕೆ ಇಳಿದರೆ 0.53, ವರ್ಗವೇ ಬದಲು.

ತೇವಾಂಶ, ಗಾಳಿಯ ವೇಗ, ಬಿಸಿಲಿನ ಗಂಟೆಗಳು ಸಿಕ್ಕರೆ ಅವನ್ನೂ ಲೆಕ್ಕಕ್ಕೆ ಹಿಡಿಯುವ ಪೆನ್‌ಮನ್-ಮಾಂಟೀತ್ ಸೂತ್ರ ಬಳಸಿ. ಸಿಗದಿದ್ದರೆ ಊರಾಚೆಯ ಕೇಂದ್ರವೊಂದರ ಅಂಕಿಗಳನ್ನು ಜೊತೆಗಿಟ್ಟು ನೋಡಿ. ಕನಿಷ್ಠದ ಏರಿಕೆ ನಗರದಲ್ಲಿ ಮಾತ್ರ ಕಂಡರೆ ಕಾರಣ ಸಿಕ್ಕಂತೆ. ನಿಮ್ಮ ಕೇಂದ್ರ ನಡುವೆ ಜಾಗ ಬದಲಿಸಿದೆಯೇ ಎಂಬುದನ್ನೂ ವಿಚಾರಿಸಿ. ಬದಲಾದ ವರ್ಷದಲ್ಲಿ ಉಷ್ಣಾಂಶದ ಗೆರೆ ಥಟ್ಟನೆ ಮೆಟ್ಟಿಲಿನಂತೆ ಏರಬಹುದು ಇಲ್ಲವೇ ಇಳಿಯಬಹುದು.

ಮಳೆಯ ಕಾಲಂ ಮರೆಯಬೇಡಿ. ಅಳೆಯದ ದಿನದ ಖಾಲಿ ಮನೆಯನ್ನು ಎಕ್ಸೆಲ್‌ನಲ್ಲಿ ಕೂಡಿಸಿದರೆ ಅದು ಸೊನ್ನೆಯಾಗಿ, ಇಲ್ಲದ ಬರಗಾಲ ಹುಟ್ಟುತ್ತದೆ. ಭಾರತೀಯ ಹವಾಮಾನ ಇಲಾಖೆಯ ಮಳೆ-ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಬೇರೆ ಮೂಲದ ದಿನಾಂಕ ಬೆರೆಸುವಾಗ ಇದನ್ನು ನೋಡಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಶುಷ್ಕತೆಯ ಲೆಕ್ಕ ನಮಗೇಕೆ?
(ಓದುಗರು, ಡೊಂಬಿವ್ಲಿ)

ಉತ್ತರ: ಆ ಮಳೆಯ ಬಹುಪಾಲು ಜೂನ್-ಸೆಪ್ಟೆಂಬರ್ ನಡುವೆ ಬಿದ್ದು ಸಮುದ್ರ ಸೇರುತ್ತದೆ. ವಾರ್ಷಿಕ ಸೂಚ್ಯಂಕ ಬೇಸಿಗೆಯನ್ನು ಮುಚ್ಚಿಡುತ್ತದೆ. ತಿಂಗಳುವಾರು ತೆಗೆಯಿರಿ: ಮಾರ್ಚ್, ಏಪ್ರಿಲ್‌ಗಳಲ್ಲಿ ಸೊನ್ನೆಯ ಹತ್ತಿರ ಬರುತ್ತದೆ.