ಮಿರಗದ ಹುಳಕ್ಕ ಮಾರ್ಕ್ಸ್ ಯಾಕ ಕಟ್ ಆದ್ವು?

ಪ್ರಶ್ನೆ: ನಮಸ್ಕಾರ್ರಿ ಸರ್. ನಾ ಧಾರವಾಡದಾಗ ಬಿ.ಎಸ್ಸಿ ಓದಾಕತ್ತೀನಿ. ಕೀಟ ಹಿಡಿಯೋದು ಕಲಸಾಕ ನಮ್ಮನ್ನ ಕೆಲಗೇರಿ ಕೆರಿ ಕಡೆ ಕರ್ಕೊಂಡ ಹೋಗಿದ್ರು. ಹಿಡದಿದ್ದನ್ನ ಮೂರ್ ದಿನ ಹಂಗ ಇಟ್ಟು ಆಮ್ಯಾಲೆ ಪಿನ್ ಚುಚ್ಚಾಕ ಹೋದ್ರ ಪಾತರಗಿತ್ತಿ ರೆಕ್ಕಿ, ಮಿಡತಿ ಕಾಲು ಎಲ್ಲಾ ಮುರದ್ವು. ಮ್ಯಾಲೆ ಕೀಟದ ಪೆಟ್ಟಿಗ್ಯಾಗ ಮಿರಗದ ಹುಳ (ಮಳಿ ಶುರುವಾದಾಗ ನೆಲದ ಮ್ಯಾಲೆ ಕಾಣೋ ಕೆಂಪು ಮಖಮಲ್ಲಿನಂಥಾದು) ಇಟ್ಟಿದ್ದಕ್ಕ ಮಾರ್ಕ್ಸ್ ಕಟ್. ಗದಗ ಕಡೆ ಕಪ್ಪತಗುಡ್ಡಕ್ಕ ಹೋಗಿ ಹೊಸಾವು ಹಿಡಕೊಂಡ ಬರೂಣು ಅಂತಾಳ ಗೆಳತಿ. ಏನ್ ಮಾಡ್ಲಿರಿ?

ಉತ್ತರ: ತಂಗಿ, ಇದರಾಗ ಅರ್ಧ ತಪ್ಪು ನಮ್ಮ ಮಾತಿಂದೈತಿ. ನಮ್ಮ ಕಡೆ ಹಾವಿಗೂ ಹುಳಾ ಅಂತಾರ, ‘ಹುಳಾ ಮುಟ್ಟೇತಿ’ ಅಂದ್ರ ಹಾವು ಕಡದೈತಿ ಅಂತ, ಹಂಗಿದ್ಮ್ಯಾಲೆ ಮಿರಗದ ಹುಳಾ ಕೀಟದ ಪೆಟ್ಟಿಗಿ ಸೇರಿದ್ದು ಏನ್ ದೊಡ್ಡದು ಬಿಡು. ಆದ್ರ ಲೆನ್ಸ್ ಹಿಡದು ಕಾಲು ಎಣಿಸಿ ನೋಡು, ಎಂಟು ಅದಾವು, ಕೀಟಕ್ಕ ಆರ. ಅದು ನುಸಿ (ಮೈಟ್) ಜಾತಿ, ಜ್ಯಾಡರ ಹುಳದ ಕಡಿ ಸಂಬಂಧ. ಮಜಾ ಅಂದ್ರ ಇದರ ಮರಿಗೆ ಆರ ಕಾಲಿರ್ತಾವು, ಅವು ಮಿಡತಿ ಅಂಥಾವಕ್ಕ ಅಂಟಕೊಂಡು ರಸ ಹೀರ್ತಾವು. ನೀ ಹಿಡದ ಮಿಡತಿ ರೆಕ್ಕಿ ಬುಡದಾಗ ಕೆಂಪು ಚುಕ್ಕಿ ಇದ್ರ ಒಮ್ಮೆ ನೋಡು. ಮತ್ತ ಇಂಥಾ ಮೆತ್ತನ್ನಾವು ಪಿನ್ನಿಗೆ ಮುದುಡ್ತಾವು, 70% ಆಲ್ಕೋಹಾಲಿನ್ಯಾಗ ಸಣ್ಣ ಬಾಟಲಿಗೆ ಹಾಕ್ಬೇಕು, ಒಳಗ ಹಾಕೋ ಚೀಟಿ ಪೆನ್ಸಿಲ್‌ಲೆ ಬರಿ, ಪೆನ್ನಿನ ಇಂಕ್ ಹರದು ಹೋಗ್ತೈತಿ.

ಮುರದಿದ್ದಕ್ಕ ಕಾರಣ ಒಣಗಿ ಸೆಟದಿದ್ವು. ಉಳದಾವನ್ನ ಒಂದು ಡಬ್ಬ್ಯಾಗ ಹಸಿ ಉಸುಕು ಹಾಕಿ, ಮ್ಯಾಲೆ ಪೇಪರ್ ಇಟ್ಟು, ಬೂಸ್ಟು ಹಿಡೀಬಾರ್ದಂತ ಎರಡ ಹನಿ ಡೆಟ್ಟಾಲ್ ಬಿಟ್ಟು ಒಂದೆರಡ ದಿನ ಮುಚ್ಚಿಡು, ಮೆತ್ತಗ ಆಗ್ತಾವು. ಪಾತರಗಿತ್ತಿಗೆ ಎದಿ ನಡುವ ಪಿನ್, ಜೀರುಂಡಿಗೆ ಮಾತ್ರ ಬಲಗಡೆ ಗಟ್ಟಿ ರೆಕ್ಕಿಗೆ, ಎಡಗಡೆ ಭಾಗ ನೋಡಾಕ ಪೂರಾ ಉಳೀತೈತಿ.

ಲೇಬಲ್ ಬಗ್ಗೆ ನೀ ಬರದೇ ಇಲ್ಲ, ಅದ ನಂಗ ಸಂಶಯ. ಊರು, ಜಿಲ್ಲೆ, ತಾರೀಖು, ಯಾವ ಗಿಡದ ಮ್ಯಾಲಿತ್ತು, ಯಾರ ಹಿಡದ್ರು, ಇಷ್ಟು ಇಲ್ಲಾಂದ್ರ ಎಷ್ಟ ಚಂದ ಪಾತರಗಿತ್ತಿ ಇದ್ರೂ ಅದು ಶೋಕೇಸಿಗೆ ಅಷ್ಟ. ತಿಂಗಳಾ ಅಕ್ಷರದಾಗ ಬರಿ, 6-8 ಅಂತ ಬರದ್ರ ಜೂನ್ ಏನ್ ಆಗಸ್ಟ್ ಏನ್ ತಿಳಿಯೂದಿಲ್ಲ.

ಕಪ್ಪತಗುಡ್ಡಕ್ಕ ನೋಡಾಕ ಹೋಗ್ರಿ, ಬಲಿ ಮಾತ್ರ ಒಯ್ಯಬ್ಯಾಡ್ರಿ. 2019ರಿಂದ ಅದು ವನ್ಯಜೀವಿ ಧಾಮ, ಪರವಾನಗಿ ಇಲ್ದ ಒಂದ ಹುಳಾನೂ ತರಂಗಿಲ್ಲ. ಹೊಲದ ಬದು, ಬೀದಿ ಲೈಟಿನ ಕೆಳಗ ಬೇಕಾದಷ್ಟು ಸಿಗ್ತಾವು.

ಪೆಟ್ಟಿಗ್ಯಾಗ ಡಾಂಬರ್ ಗುಳಿಗಿ ಮರೀಬ್ಯಾಡ. ನಾ ಹಾಸ್ಟೆಲಿನ್ಯಾಗ ಮರತಿದ್ದೆ, ಒಂದ ರಾತ್ರ್ಯಾಗ ಇರುವಿ ನನ್ನ ದೊಡ್ಡ ಪತಂಗದ ಹೊಟ್ಟಿ ತಿಂದು ನಾಕ ರೆಕ್ಕಿ, ಒಂದು ಪಿನ್ನು ಬಿಟ್ಟು ಹೋಗಿದ್ವು.